ಕಿಲಾವರ ಎರಡು

ಮೊನ್ನೆ ಗದಗಿನಿಂದ ಲಕ್ಷ್ಮೇಶ್ವರದ ಬಸ್ಸು ಹತ್ತಿ ಶಿರಹಟ್ಟಿಗೆ ಹೊರಟಿದ್ದೆ. ಪಕ್ಕದ ಕಾಲೇಜು ಹುಡುಗಿ ಮೊಬೈಲಿನಲ್ಲಿ ಇಸ್ಪೀಟು ಹರಡಿಕೊಂಡಿದ್ದಳು, ಒಬ್ಬರೇ ಆಡುವ ಆಟ. ಕೇಳದೆ ಬುದ್ಧಿ ಹೇಳುವುದು ನನ್ನ ಹಳೆಯ ಚಟ. "ಆ ಕೆಂಪು ಒಂಬತ್ತು ಕರೀ ಹತ್ತರ ಮ್ಯಾಲೆ ಇಡವಾ" ಅಂದೆ.

"ಅಯ್ಯ, ನಿಮಗೂ ಬರ್ತೈತೇನ್ರಿ ಅಜ್ಜಿ?"

ಬರುತ್ತದೆ. ಬಾರದೇ ಇದ್ದಿದ್ದರೆ ಚೆನ್ನಾಗಿತ್ತು.

ಕಲಿಸಿದವಳು ನಾದಿನಿ ನೀಲವ್ವ. ಲಕ್ಷ್ಮೇಶ್ವರದ ಗಂಡನ ಮನೆಯಿಂದ ಬಾತ ಕೆನ್ನೆ ಹೊತ್ತು ಬೆಟಗೇರಿಯ ನಮ್ಮ ಮನೆಗೆ ಬಂದು ಉಳಿದವಳು. ದೀಪಾವಳಿಗೆ ಗಂಡಸರು ಆಡಿ ಬಿಟ್ಟ ಎಲೆಗಳನ್ನು ಮಧ್ಯಾಹ್ನ ಚಾಪೆಯ ಮೇಲೆ ಏಳು ಸಾಲಾಗಿ ಹಾಕುತ್ತಿದ್ದಳು. ಮೊದಲ ಸಾಲಿಗೆ ಒಂದೆಲೆ, ಎರಡನೆಯದಕ್ಕೆ ಎರಡು, ಹೀಗೆ ಏಳರವರೆಗೆ. ಪ್ರತಿ ಸಾಲಿನಲ್ಲಿ ಕೊನೆಯದು ಮಾತ್ರ ಮುಖ ತೋರಿಸಬೇಕು. ಕರಿಯ ಮೇಲೆ ಕೆಂಪು, ಕೆಂಪಿನ ಮೇಲೆ ಕರಿ, ಒಂದೊಂದೇ ಇಳಿಯುತ್ತ ಹೋಗಬೇಕು. ಎಕ್ಕ ಸಿಕ್ಕರೆ ಬದಿಗಿಟ್ಟು, ಅದರ ಮೇಲೆ ಅದೇ ಜಾತಿಯ ಎರಡು, ಮೂರು ಎಂದು ರಾಜನವರೆಗೆ ಏರಿಸಬೇಕು. ನಾಲ್ಕೂ ಜಾತಿ ಏರಿದರೆ ಗೆದ್ದಂತೆ.

"ಇದರಾಗ ಯಾರೂ ಬಡಿಯಂಗಿಲ್ರಿ ವೈನಿ. ಸೋತ್ರೂ ನಾವ, ಗೆದ್ರೂ ನಾವ" ಎನ್ನುತ್ತಿದ್ದಳು.

ಅತ್ತೆ ದಿನಕ್ಕೊಮ್ಮೆ ಕೇಳುತ್ತಿದ್ದರು, "ಗಂಡನ ಮನಿಗೆ ಯಾವಾಗ ಹೊಂಟಿ?"

"ಈ ಆಟ ಗೆದ್ದ ದಿನಾ ಹೋಗ್ತೀನವ್ವಾ."

ಎಮ್ಮೆ ಕೊಳ್ಳುವುದಕ್ಕೂ ಗುಡಿಗೆ ಹೋಗಿ, ದೇವರ ಬಲಗಡೆಯಿಂದ ಹೂ ಬೀಳುವವರೆಗೆ ಕಾಯುತ್ತಿದ್ದ ಅತ್ತೆಗೆ ಈ ಉತ್ತರ ಒಪ್ಪಿಗೆಯಾಯಿತು. ಎರಡು ವರ್ಷ ಆಟ ಗೆಲ್ಲಲಿಲ್ಲ. ನೀಲವ್ವನಿಗೆ ಅದರಿಂದ ಬೇಸರವೂ ಆಗಲಿಲ್ಲ.

ನನ್ನ ಸಂಕಟ ಬೇರೆ. ಪಡಸಾಲೆಯಲ್ಲಿ ಮಗ್ಗ, ಅದರ ಪಕ್ಕ ಅತ್ತೆಯ ಹಾಸಿಗೆ. ಇದ್ದೊಂದು ಖೋಲಿ ನೀಲವ್ವನದು. ಮದುವೆಯಾಗಿ ಎರಡು ವರ್ಷವಾದರೂ ನಾನೂ ನನ್ನ ಗಂಡನೂ ಅಡುಗೆಮನೆಯಲ್ಲಿ ಒಲೆಯ ಮುಂದೆ ಮಲಗುತ್ತಿದ್ದೆವು. ಬಾಯಿಬಿಟ್ಟು ಕೇಳಿದರೆ ಸೊಸೆ ಕೆಟ್ಟವಳಾಗುತ್ತಾಳಲ್ಲ! ನನಗೆ ಒಳ್ಳೆಯವಳಾಗಿಯೇ ಉಳಿಯಬೇಕಿತ್ತು.

ಒಂದು ದಿನ ಅವಳ ಸೀರೆ ಮಡಚುವಾಗ ಮಡಿಕೆಯಿಂದ ಒಂದು ಎಲೆ ಬಿತ್ತು. ಕಿಲಾವರ ಎರಡು, ಮೂರೆಸಳಿನ ಕರೀ ಜಾತಿಯದು. ಅದಿಲ್ಲದೆ ಕಿಲಾವರ ಎಕ್ಕದ ಮೇಲೆ ಏನೂ ಏರುವುದಿಲ್ಲ. ಬ್ರಹ್ಮನೇ ಬಂದು ಆಡಿದರೂ ಆಟ ಗೆಲ್ಲುವುದಿಲ್ಲ. ನೀಲವ್ವ ಯಾಕೆ ಬಚ್ಚಿಟ್ಟಿದ್ದಾಳೆಂದು ಆ ಕ್ಷಣವೇ ತಿಳಿಯಿತು. ತಿಳಿದೂ ಆ ಎಲೆಯನ್ನು ಒಯ್ದು ಕಟ್ಟಿನ ನಡುವೆ ಸೇರಿಸಿದೆ. ಪಾಪಿ ನಾನು.

ಮಧ್ಯಾಹ್ನ ಆಟದಲ್ಲಿ ಆ ಎಲೆ ಎದುರಾದಾಗ ನೀಲವ್ವ ನನ್ನ ಮುಖ ನೋಡಿದಳು. ಬೇಕಿದ್ದರೆ ಮತ್ತೆ ಬಚ್ಚಿಡಬಹುದಿತ್ತು. ಬಚ್ಚಿಡಲಿಲ್ಲ; ತಲೆ ತಗ್ಗಿಸಿ ಆಡಿದಳು. ಮೂರನೆಯ ದಿನ ನಾಲ್ಕೂ ರಾಜರು ಮೇಲೆ ಬಂದು ಕೂತರು. ಅತ್ತೆ ಕೈ ಮುಗಿದು, "ದೇವರು ಕಣ್ಣು ತೆರೆದ" ಅಂದರು.

ಅವಳನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ಬುತ್ತಿ ಹಿಡಿದು ನಾನೇ ಹೋಗಿದ್ದೆ. ಬಸ್ಸು ಹತ್ತುವ ಮೊದಲು ನೀಲವ್ವ ಮೆಲ್ಲಗೆ ಅಂದಳು, "ಖೋಲಿ ಬೇಕಂತ ಒಂದು ಮಾತು ಅಂದಿದ್ರ ನಾ ಅವ್ವನ ಬಾಜೂಕ ಮಲಕ್ಕೋತಿದ್ನಲ್ರಿ ವೈನಿ."

ಖೋಲಿ ನನಗೆ ಸಿಕ್ಕಿತು. ನನ್ನ ಮಕ್ಕಳು ಹುಟ್ಟಿದ್ದು ಅಲ್ಲಿಯೇ. ನೀಲವ್ವ ಮದುವೆಗೆ, ಸತ್ತವರ ದಿವಸಕ್ಕೆ ಬರುತ್ತಾಳೆ, ಸಂಜೆಯ ಬಸ್ಸಿಗೇ ಹೊರಟುಬಿಡುತ್ತಾಳೆ. ಮಾತಾಡಿಸಿದರೆ ಬಲಗಿವಿಯನ್ನು ನನ್ನತ್ತ ತಿರುಗಿಸುತ್ತಾಳೆ. ಎಡಗಿವಿ ಕೇಳುವುದಿಲ್ಲ. ಹೇಗಾಯಿತೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ.

"ಶಿರಹಟ್ಟಿ! ಇಳೀರಿ, ಜಲ್ದಿ" ಎಂದು ಕಂಡಕ್ಟರ್ ಕೂಗಿದ. ಟಿಕೀಟು ಮುಂದಕ್ಕೆ, ಲಕ್ಷ್ಮೇಶ್ವರದವರೆಗೆ ತೆಗೆಸಿದ್ದರೆ ಆಗುತ್ತಿತ್ತು. ನೀಲವ್ವನ ಬಾಗಿಲಿಗೆ ಹೋಗಿ, ಆ ಕಿವಿಗೆ ಏನಾಯಿತೆಂದು ಇಷ್ಟು ವರ್ಷಕ್ಕಾದರೂ ಕೇಳಬಹುದಿತ್ತು. ಕೇಳಿದರೆ ಅವಳು ಸುಳ್ಳು ಹೇಳುವವಳಲ್ಲ.

ನಾನು ಇಳಿದುಬಿಟ್ಟೆ.