ಅತ್ತಿಗೆಯ ಸೋಸುವ ಬಟ್ಟೆ

ನಮ್ಮ ಅತ್ತಿಗೆಯ ಎಡಹೆಗಲ ಮೇಲೆ ಸದಾ ಒಂದು ಹಸಿ ಬಟ್ಟೆ ಇರುತ್ತಿತ್ತು. ಹಳೆಯ ಧೋತರ ಹರಿದು ಎರಡು ಪದರ ಮಾಡಿ ಹೊಲಿದದ್ದು. ಮೂಲೆಯಲ್ಲಿ ಕೆಂಪು ದಾರ. ಆ ದಾರ ಮೇಲೆ ಬರುವಂತೆ ಕೊಡದ ಬಾಯಿಗೆ ಹಾಸಿ ನೀರು ಸೋಸಬೇಕು. ಮಗುಚಿ ಹಾಸಿದರೆ ನಿನ್ನೆಯ ಹೊಲಸು ಇವತ್ತಿನ ನೀರಿಗೆ ಎನ್ನುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ಅವಳು ರಾಯಚೂರಿನಿಂದ ದೇವದುರ್ಗದ ಕಡೆಯ ನಮ್ಮೂರಿಗೆ ಸೊಸೆಯಾಗಿ ಬಂದಳು. ನಮ್ಮದು ಮೆಟ್ಟಿಲಬಾವಿಯ ನೀರು. ಬೇಸಿಗೆ ಬಂತೆಂದರೆ ಮನೆಗೊಬ್ಬರು ನಾರುಹುಣ್ಣಾಗಿ ಮಲಗುತ್ತಿದ್ದರು; ಕಾಲಿನ ಗುಳ್ಳೆ ಒಡೆದು ದಾರದಂಥ ಹುಳ ಹೊರಬರುತ್ತಿತ್ತು. ಅದು ಹಣೆಬರಹ ಎನ್ನುತ್ತಿದ್ದಳು ನಮ್ಮವ್ವ. ಕುಡಿಯುವ ನೀರಿನಿಂದ ಎನ್ನುತ್ತಿದ್ದಳು ಅತ್ತಿಗೆ. ಶಾಲೆ ಓದಿದ್ದ ಅವಳ ತಾಯಿ ಅದನ್ನು ಕಲಿಸಿದ್ದಳು. "ಅವರವ್ವ ಓದಿದಾಕಿ ಅಂತ ನಮಗ ಪಾಠ ಹೇಳ್ತಾಳ" ಎಂದು ಉರಿದುಬಿದ್ದ ನಮ್ಮವ್ವ ತನ್ನ ಕೊಡವನ್ನೇ ಬೇರೆ ಇಟ್ಟುಕೊಂಡಳು. ಮೊಂಡಿ! ನನಗೂ ಆ ಗುಣ ಬಂದಿದೆ.

ಅವಳು ಬಂದ ಮೊದಲ ಬೇಸಿಗೆಯಲ್ಲಿ, ಹಿಂದಿನ ವರ್ಷ ಸೋಸದೆ ಕುಡಿದ ನೀರಿನ ಫಲವಾಗಿ, ಅಣ್ಣನ ಕಾಲಿನಿಂದ ಹುಳ ತಲೆ ಹೊರಹಾಕಿತು. ನೀರಲ್ಲಿ ಕಾಲಿಟ್ಟರೆ ಉರಿ ಇಳಿಯುತ್ತದೆ, ಅದಕ್ಕೇ ಕುಂಟುತ್ತ ಬಾವಿಗೆ ಹೊರಟ. ನಾಲ್ಕು ಜನರೆದುರು ಗಂಡನ ಜೊತೆ ಮಾತೇ ಆಡದ ಅತ್ತಿಗೆ ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತಳು. ನೀರಿಗೆ ಬಂದವರೆಲ್ಲ ಕೊಡ ಇಳಿಸಿ ನೋಡತೊಡಗಿದರು. ಅಣ್ಣ ಕೈ ಎತ್ತಿದ.

"ಹೊಡೀರಿ. ಆದರ ಕಾಲು ನೀರಾಗ ಇಡಬ್ಯಾಡ್ರಿ. ಈ ಹುಳದ ಮರಿ ಊರ ಮಕ್ಕಳ ಹೊಟ್ಟಿಗಿ ಹೋಗ್ತಾವ."

ಹಾಗೆಂದ ಅತ್ತಿಗೆ ಕದಲಲಿಲ್ಲ. ಅಣ್ಣ ಕೈ ಇಳಿಸಿ, ದೂರದ ಬೇವಿನ ಬುಡಕ್ಕೆ ಹೋಗಿ ಕುಸಿದು ಕುಳಿತ. ಅಲ್ಲಿ ಅವಳು ಅವನ ಕಾಲಿಗೆ ಕೊಡಗಟ್ಟಲೆ ನೀರು ಸುರಿದಳು. ಗಂಡನ ಮಾನ ಕಳೆದಳೆಂದು ನಮ್ಮವ್ವ ಅವಳ ಜೊತೆ ಮಾತು ಬಿಟ್ಟಳು.

ಮರುವರ್ಷ ಸೋಸಿದ ನೀರು ಕುಡಿದ ನಮಗ್ಯಾರಿಗೂ ಏನೂ ಆಗಲಿಲ್ಲ. ನಮ್ಮವ್ವನ ಹಿಮ್ಮಡಿ ಊದಿತು. ಅತ್ತಿಗೆಯೇ ಹುಳವನ್ನು ದಿನಾ ಇಷ್ಟಿಷ್ಟೇ ಕಡ್ಡಿಗೆ ಸುತ್ತಿ ತೆಗೆದಳು. ವಾಸಿಯಾದ ಮೇಲೆ ನಮ್ಮವ್ವ ತನ್ನ ಕೊಡ ತಂದು ಅವಳ ಮುಂದಿಟ್ಟಳು, ಅಷ್ಟೇ.

ಎಂಬತ್ತರ ದಶಕದಲ್ಲಿ ಊರಿಗೆ ಬೋರಿನ ನೀರು ಬಂತು, ಎಲ್ಲರೂ ಸೋಸುವುದು ಬಿಟ್ಟರು. ಅತ್ತಿಗೆ ಬಿಡಲಿಲ್ಲ. ಮದುವೆಯಾಗಿ ಮಾನ್ವಿ ಸೇರಿದ ನಾನೂ ಬಿಡಲಿಲ್ಲ. ನನ್ನ ಕಾಲಲ್ಲಿ ಒಂದು ಕಲೆಯೂ ಇಲ್ಲದಿರುವುದು ಅವಳ ಋಣ.

ಆಮೇಲೆ ಅವಳಿಗೇ ಜಡ್ಡಾಯಿತು. ರಾಯಚೂರಿನ ಡಾಕ್ಟರರು ಮನೆಗೆ ಕರೆದೊಯ್ಯಿರಿ ಎಂದರು. ಕೊನೆಗೆ ಬಾಯಿಗೆ ನೀರು ಬಿಡಲು ಅಣ್ಣ ತಂಬಿಗೆ ತಂದಾಗ ನಮ್ಮವ್ವ ಅದನ್ನು ಕಸಿದುಕೊಂಡಳು. ಗೂಟದ ಮೇಲಿನ ಬಟ್ಟೆ ತಂದು, ಕಣ್ಣು ಮಂಜಾಗಿದ್ದರಿಂದ, ಕೆಂಪು ದಾರ ಯಾವ ಕಡೆ ಇದೆಯೆಂದು ನನ್ನನ್ನು ಕೇಳಿದಳು. ಈಗ್ಯಾಕೆ ಇದೆಲ್ಲ ಎಂದರು ಯಾರೋ.

"ಸೋಸಲಾರದ ನೀರು ಆಕಿ ಕುಡಿಯಂಗಿಲ್ಲ" ಎಂದಳು ನಮ್ಮವ್ವ.