ಅಕ್ಕನನ್ನು ಎತ್ತುವ ಕೆಲಸ

ವೀಲ್‌ಚೇರಿನ ಅಕ್ಕನಿಗೆ ಮನೆ ಮುಂದೆ ಒಂದು ಇಳಿಜಾರು ಕಟ್ಟಿಕೊಡಲಿಲ್ಲ. ಊರವರಿಗೆಲ್ಲ ಗಾರೆ ಕೆಲಸ ಮಾಡಿಕೊಟ್ಟ ನಾನು, ನಮ್ಮ ಮೂರು ಮೆಟ್ಟಿಲನ್ನು ಹದಿನೆಂಟು ವರ್ಷ ಹಾಗೇ ಬಿಟ್ಟೆ. ಇವತ್ತು ಅಂಗಳದಲ್ಲಿ ಸಿಮೆಂಟ್ ಕಲಸುವಾಗ ಸಿಂಗಪುರ ನೆನಪಾಯಿತು. ನಗಬೇಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಬಿಳಿಗೆರೆಯ ಗಾರೆಯವನೂ ಸಿಂಗಪುರ ನೋಡಿದ್ದಾನೆ.

ಅಕ್ಕ ನಂಜನಗೂಡಿನಲ್ಲಿ ಟೀಚರ್. ಹೋದ ವರ್ಷ ಜೊತೆಯ ಟೀಚರುಗಳೊಂದಿಗೆ ಸಿಂಗಪುರ ಪ್ರವಾಸಕ್ಕೆ ಹೊರಟಾಗ, ಎತ್ತಿ ಇಳಿಸಲು ನನ್ನನ್ನೂ ಕರೆದೊಯ್ದಳು. ಅಲ್ಲಿ ಮೊದಲ ಬಸ್ಸಿಗೇ ಸೊಂಟಕ್ಕೆ ಟವೆಲ್ ಬಿಗಿದು ಅವಳನ್ನು ಎತ್ತಲು ಬಗ್ಗಿದೆ. ಡ್ರೈವರ್ ಇಳಿದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಬಾಗಿಲಲ್ಲಿದ್ದ ಹಲಗೆ ಮಗುಚಿ ಹಾಸಿದ. ಅಕ್ಕ ತಾನೇ ಗಾಲಿ ತಳ್ಳಿಕೊಂಡು ಹತ್ತಿದಳು.

"ಎತ್ತಕ್ಕೆ ಅಂತ ಕರ್ಕಬಂದೆ. ಈಗ ನಿನ್ನ ಯಾರ್ಲಾ ಎತ್ತೋರು? ಹತ್ತು!" ಅಂದಳು.

ಮೂರನೇ ದಿನ ನಾನು ಏಳುವಷ್ಟರಲ್ಲಿ ಅಂಗಡಿಗೆ ಹೋಗಿ ಕಾಫಿ ತಂದಿದ್ದಳು.

"ಒಬ್ಳೇ ಓಗಿದ್ದಾ?"

"ಊಂ ಕಣ್ಲಾ. ಯಾರ್ಗೂ ಕಾಯ್ದಂಗೆ."

ಕಾಫಿ ಅಲ್ಲೇ ಇಟ್ಟೆ. ಹೊರಗೆ ಹೋಗಿ ಹೋಟೆಲಿನ ಇಳಿಜಾರು ಅಳೆದೆ. ಗೇಣು ಎತ್ತರಕ್ಕೆ ಹನ್ನೆರಡು ಗೇಣು ಉದ್ದ. ನಮ್ಮ ಕಡೆಯ ಒಂದು ಆಫೀಸಿಗೆ ನಾನೇ ಕಟ್ಟಿದ್ದು ಗೇಣಿಗೆ ಎರಡೇ ಗೇಣು. "ಫೋಟೋದಲ್ಲಿ ಕಂಡ್ರೆ ಸಾಕು ಕಣೋ" ಅಂದಿದ್ದ ಕಂಟ್ರಾಕ್ಟರ್. ನಾನು ಮಹಾ ಕಸುಬುದಾರ, ಮೇಲೆ ಕೆಂಪು ಪಾಲಿಶ್ ಬೇರೆ ಉಜ್ಜಿದ್ದೆ. ಈಗ ಅದರ ಮೇಲೆ ಹೂಕುಂಡ ಇಟ್ಟಿದ್ದಾರೆ. ಅವೂ ಜಾರುತ್ತವೆಂದು ಇಟ್ಟಿಗೆ ಚೂರು ಆನಿಸಿದ್ದಾರೆ.

ಮನೆಗಾದರೋ, "ಹೊಸ್ತಿಲು ಒಡೀಬಾರ್ದು" ಅನ್ನುತ್ತಿದ್ದೆ. ಎಂಥ ಭಕ್ತಿ! ಒಡೆಯುವುದೇ ಬೇಕಿರಲಿಲ್ಲ, ಹೊರಗಡೆ ಅದರ ಮಟ್ಟಕ್ಕೆ ತುಂಬಿಸಿದ್ದರೆ ಸಾಕಿತ್ತು. ನಿಜ ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಅವಳನ್ನು ಎತ್ತಿ ಆಟೋದಲ್ಲಿ ಕೂರಿಸುವಾಗ ಬೀದಿ ನೋಡುತ್ತಿತ್ತು. "ತಮ್ಮ ಅಂದ್ರೆ ಇವ್ನು" ಅನ್ನುತ್ತಿದ್ದರು. ನನಗೆ ಅದು ಬೇಕಿತ್ತು. ಭಾನುವಾರ ನಾನು ಟಿ. ನರಸೀಪುರಕ್ಕೆ ಕೆಲಸಕ್ಕೆ ಹೋದರೆ, ಅವಳು ಸೀರೆ ಉಟ್ಟು, ತಲೆ ಬಾಚಿ, ನಾನು ಬರುವ ತನಕ ಬಾಗಿಲ ಒಳಗೆ ಕೂತಿರುತ್ತಿದ್ದಳು.

ಇವತ್ತೂ ಅಲ್ಲೇ ಕೂತು ನೋಡುತ್ತಿದ್ದಾಳೆ.

"ಏನ್ಲಾ, ಅಂಗಳವೆಲ್ಲ ನುಂಗ್ತಲ್ಲ ಇದು!"

"ಗೇಣಿಗೆ ಹನ್ನೆರಡು ಕಣಕ್ಕ."

"ಇನ್ನು ನಿನ್ನ ಯಾರು ಹೊಗಳ್ತಾರೆ?"

ಗೊತ್ತಿತ್ತು ಅವಳಿಗೆ. ಇಷ್ಟು ವರ್ಷವೂ ಗೊತ್ತಿತ್ತು. ಗಾರೆ ಸವರುತ್ತಿದ್ದ ಕರಣೆ ಕೆಳಗಿಟ್ಟೆ.

"ಒಳ್ಳೇವ್ನು ಅನ್ನಿಸ್ಕಳಕ್ಕೆ ನಿನ್ನ ಒಳಗೇ ಕೂರಿಸ್ದೆ. ತಪ್ಪಾಯ್ತು ಕಣಕ್ಕ."