ಸೋನಾಬಾಯಿಯ ಒಂಟಿಗೋಡಿನ ಎತ್ತು

ತೆಲಸಂಗದಲ್ಲಿ ಸೋನಾಬಾಯಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ಓಣಿಯ ಹೆಸರು ಹೇಳುತ್ತಿರಲಿಲ್ಲ. "ಒಕ್ಕಣ್ಣಿನ ಟ್ರ್ಯಾಕ್ಟರು, ಒಂಟಿಗೋಡಿನ ಎತ್ತು, ಎರಡೂ ಒಂದ ಅಂಗಳದಾಗ ನಿಂತಿರ್ತಾವ ನೋಡ್ರಿ, ಅದ ಮನಿ" ಎನ್ನುತ್ತಿದ್ದರು.

ಅದರ ಹಿಂದೊಂದು ಜಗಳವಿತ್ತು. ಸೋನಾಬಾಯಿ ಗಡಿಯಾಚೆಯ ಜತ್ತದ ಕಡೆಯಿಂದ ಸೊಸೆಯಾಗಿ ಬಂದವಳು. ತವರಿನಲ್ಲಿ ಅಪ್ಪನ ಜೊತೆ ಕೂರಿಗಿ ಹಿಡಿದು ಬಿತ್ತಿ ಬೆಳೆದಿದ್ದಳು. ಮದುವೆಯಾಗಿ ಬಂದ ಮೇಲೂ ಸೆರಗು ಸೊಂಟಕ್ಕೆ ಸಿಗಿಸಿ ಎತ್ತು ಹೊಡೆಯುವುದನ್ನು ಬಿಡಲಿಲ್ಲ. ಎತ್ತುಗಳ ಜೊತೆ ಅವಳ ಮಾತೆಲ್ಲ ಮರಾಠಿ, ಗಂಡನ ಜೊತೆ ಕನ್ನಡ. ಬೈಗುಳ ಮಾತ್ರ ಇಬ್ಬರಿಗೂ ಸಮನಾಗಿ ಹಂಚುತ್ತಿದ್ದಳು. ಅವಳ ಖಿಲಾರಿ ತಳಿಯ ಎತ್ತಿನ ಜೋಡಿಯಲ್ಲಿ ಎಡಗಡೆಯದು ಸರ್ಜಾ, ಬಲಗಡೆಯದು ರಾಜಾ.

ಗಂಡ ವಿರುಪಾಕ್ಷಪ್ಪನಿಗೆ ಮೊದಲಿನಿಂದಲೂ ಯಂತ್ರದ ಮೋಹ. ಒಂದು ದಸರೆಗೆ ಹೊಸ ಟ್ರ್ಯಾಕ್ಟರ್ ತಂದು ಅಂಗಳದಲ್ಲಿ ನಿಲ್ಲಿಸಿದ. ಚೆಂಡುಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಊರಿಗೆಲ್ಲ ಕೇಳಲಿ ಎಂದು ಹಾರ್ನ್ ಹೊಡೆದ. ಆಗಿನ್ನೂ ಬಿಸಿರಕ್ತದ ಸರ್ಜಾ ಹಗ್ಗ ಹರಿದುಕೊಂಡು ಬಂದು ಟ್ರ್ಯಾಕ್ಟರಿಗೆ ಎದುರಿನಿಂದಲೇ ಗುಮ್ಮಿತು. ಟ್ರ್ಯಾಕ್ಟರಿನ ಒಂದು ದೀಪವೂ ಸರ್ಜಾನ ಬಲಗೋಡೂ ಒಟ್ಟಿಗೇ ಹೋದವು.

"ಕೆಟ್ಟ ದೀಪಾನಾದ್ರೂ ಹಾಕಸ್ರಿ" ಎಂದು ಸೋನಾಬಾಯಿ ಹೇಳಿದಳು.

"ಮದಲ ನಿನ್ನ ಎತ್ತು ತಪ್ಪಾತು ಅನ್ನಲಿ, ಆಮ್ಯಾಲೆ ಹಾಕಸ್ತೇನಿ" ಎಂದ ವಿರುಪಾಕ್ಷಪ್ಪ.

ಎತ್ತು ಹಾಗೆ ಅನ್ನಲಿಲ್ಲ, ಅವನು ಹಾಕಿಸಲಿಲ್ಲ. ಕಡೆಗೆ ಹಿರಿಯರು ಕೂತು ಹೊಲವನ್ನೇ ಎರಡು ಮಾಡಿದರು. ಹಳ್ಳದ ಆಚೆಯ ಹೊಲ ಟ್ರ್ಯಾಕ್ಟರಿಗೆ, ಈಚೆಯದು ಎತ್ತಿಗೆ. ಗಂಡ ಹೆಂಡಿರು ಒಂದೇ ಗಂಗಾಳದ ರೊಟ್ಟಿ ಹರಿದು ತಿನ್ನುತ್ತಿದ್ದರು. ಆದರೆ ಯಾರ ಜೋಳದ ತೆನೆ ದಪ್ಪ ಎಂಬ ಮಾತು ಬಂದರೆ ಇಬ್ಬರೂ ಗಂಗಾಳ ಬಿಟ್ಟು ಏಳುತ್ತಿದ್ದರು.

ಹೀಗಿರುವಾಗ ಊರಿನಲ್ಲಿ ಉಳಿದವರ ಎತ್ತುಗಳೆಲ್ಲ ಒಂದೊಂದಾಗಿ ಸಂತೆಗೆ ಹೋದವು. ಸರ್ಜಾ, ರಾಜಾ ಇಬ್ಬರೇ ಉಳಿದರು. ಸರಿಯಾಗಿ ಅದೇ ಹೊತ್ತಿಗೆ ಸರಕಾರಕ್ಕೆ ಎತ್ತಿನ ನೆನಪಾಯಿತು.

ಕಪ್ಪು ಎರಿಭೂಮಿ ಗಟ್ಟಿಯಾಗುತ್ತಿದೆ, ಸಗಣಿಗೊಬ್ಬರ ಸಾಲುತ್ತಿಲ್ಲ, ಆದ್ದರಿಂದ ಎತ್ತಿನ ಬೇಸಾಯ ಮಾಡುವವರಿಗೆ ಪ್ರೋತ್ಸಾಹಧನ ಕೊಡಬೇಕು ಎಂದು ಹೊಸ ನೀತಿ ಬಂತು. ರೈತ ತನ್ನ ಹೊಲದಲ್ಲಿ ಎತ್ತು ಹೂಡಿ ಕೆಲಸ ಮಾಡುವುದನ್ನು ಮೊಬೈಲಿನಲ್ಲಿ ಚಿತ್ರ, ವೀಡಿಯೋ ತೆಗೆದು ಆ್ಯಪಿಗೆ ಏರಿಸಬೇಕು, ಅಷ್ಟೇ. ಈ ಕೆಲಸಕ್ಕೆ ನೇಮಕವಾಗಿ ಬಂದವನು ಸನ್ಮತಿ. ಕಾಗವಾಡದ ಕಡೆಯ ಜೈನರ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವನು, ಯಾರಿಗೂ ಇಲ್ಲ ಎನ್ನಲು ಬಾರದವನು.

ಸೋನಾಬಾಯಿಯ ಅಂಗಳಕ್ಕೆ ಎತ್ತು ಕೇಳಿಕೊಂಡು ಮೊದಲು ಬಂದವನು ಪಕ್ಕದ ಹೊಲದ ಭೀಮಗೊಂಡ.

"ವೈನಿ, ಒಂದ ತಾಸು ಎತ್ತು ಕೊಡ್ರಿ. ಫೋಟೋ ತಗಿಸಿ ತಂದ ಕಟ್ಟತೇನಿ."

"ಎತ್ತ ನಿನ್ನಾವಲ್ಲಲ್ಲೋ ಭೀಮಗೊಂಡ!"

"ನನ್ನಾವು ಅಂತ ನಾ ಎಲ್ಲಿ ಹೇಳತೇನಿ? ಎತ್ತ ಯಾರದು ಅಂತ ಅವರು ಕೇಳೇ ಇಲ್ಲ."

ಅವನ ಜೊತೆ ಬಂದಿದ್ದ ಸನ್ಮತಿ ಆ್ಯಪನ್ನು ಹಿಂದೆ ಮುಂದೆ ಸರಿಸಿ ನೋಡಿದ. ನಿಜವಾಗಿಯೂ ಕೇಳಿರಲಿಲ್ಲ. ಹೊಲ ಯಾರದು, ರೈತ ಯಾರು, ಬೆಳೆ ಯಾವುದು ಎಲ್ಲ ಕೇಳಿತ್ತು. ಎತ್ತು ಯಾರದು ಎಂದು ಕೇಳುವುದು ಯಾರಿಗೂ ಹೊಳೆದಿರಲಿಲ್ಲ.

ಸೋನಾಬಾಯಿ ಒಂದು ಕರಾರು ಹಾಕಿದಳು. ಬರೀ ಫೋಟೋಕ್ಕೆ ಎತ್ತು ನಿಲ್ಲಿಸುವುದಿಲ್ಲ. ಹೂಡಿದ ಮೇಲೆ ಬೆಳೆಯ ಸಾಲುಗಳ ನಡುವೆ ಕಸ ತೆಗೆಯುತ್ತ ಇಡೀ ಹೊಲ ಎಡೆ ಹೊಡೆದೇ ಬಿಡಬೇಕು. "ನೊಗಾ ಹೊತ್ತು ಸುಮ್ನ ನಿಂತ್ರ ಅವಕ್ಕ ಅವಮಾನ ಆಗತೈತಿ" ಎಂದಳು.

ಭೀಮಗೊಂಡ ಎಡೆ ಹೊಡೆಯುವ ಕುಂಟಿ ಹಿಡಿದು ಎಷ್ಟೋ ವರ್ಷವಾಗಿತ್ತು. ಮೇಲಾಗಿ ಸರ್ಜಾನಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಅವನು "ತಿರುಗು, ತಿರುಗು" ಎಂದು ಕೂಗಿದಷ್ಟೂ ಅದು ನೆಟ್ಟಗೆ ನಡೆದು ಪಕ್ಕದವರ ಕಡಲೆಗೆ ನುಗ್ಗುತ್ತಿತ್ತು. ಕೊನೆಗೆ ಬದುವಿನ ಮೇಲೆ ಕೂತ ಸೋನಾಬಾಯಿಯಿಂದ "ವಳ್ ರೇ, ಥಾಂಬ್ ರೇ" ಎಂದು ಹೇಳಿಸಿಕೊಂಡು, ತಿರುಗು, ನಿಲ್ಲು ಎರಡನ್ನೂ ಮರಾಠಿಯಲ್ಲಿ ಕಲಿತ. ಮನೆಯಲ್ಲಿ ಮರಾಠಿ ಮಾತಾಡದ ಭೀಮಗೊಂಡ ಹೊಲದಲ್ಲಿ ಇಡೀ ದಿವಸ ಮರಾಠಿ ಮಾತಾಡಿದ.

ಅವನ ಹಿಂದೆ ಮಲಕಾರಿ ಬಂದ, ಅವನ ಹಿಂದೆ ಅಣ್ಣಾಸಾಬ, ಆಮೇಲೆ ಅರ್ಧ ಊರು. ಆ ಹಿಂಗಾರಿಯಲ್ಲಿ ಸರ್ಜಾ ರಾಜಾ ತುಳಿಯದ ಹೊಲವಿರಲಿಲ್ಲ. ಎಡೆ ಹೊಡೆದ ಹೊಲಗಳಲ್ಲಿ ಕಸ ಕಡಿಮೆಯಾಯಿತು, ಮಣ್ಣಿನ ಬಿರುಕು ಮುಚ್ಚಿ ತೇವ ನಿಂತಿತು, ಬಿಳಿಜೋಳ ಕೈಬಿಡಲಿಲ್ಲ. ಫೋಟೋಕ್ಕೆಂದು ಸುಳ್ಳುಸುಳ್ಳೇ ಶುರುವಾದದ್ದು ನಿಜವಾದ ಬೇಸಾಯವೇ ಆಗಿಬಿಟ್ಟಿತು. ಎತ್ತು ತಿರುಗಿ ಬರುವಾಗ ಬಾಡಿಗೆಯೆಂದು ಮೇವಿಗೆ ಒಂದೊಂದು ಹೊರೆ ಕಣಕಿ ಜೊತೆಗೆ ಬರುತ್ತಿತ್ತು. ಊರವರ ಬಾಡಿಗೆ ತಪ್ಪಿ ವಿರುಪಾಕ್ಷಪ್ಪನ ಟ್ರ್ಯಾಕ್ಟರ್ ಕೆಲಸವಿಲ್ಲದೆ ನಿಂತಿತು. ಅದರ ಸೀಟಿನ ಮೇಲೆ ಸೋನಾಬಾಯಿ ಕೋಳಿಯನ್ನು ಕಾವಿಗೆ ಕೂಡಿಸಿದಳು.

ಅತ್ತ ಬೆಂಗಳೂರಿನಲ್ಲಿ ಒಬ್ಬ ದೊಡ್ಡ ತಜ್ಞರು ಆ ಚಿತ್ರಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದರು. ನೋಡುತ್ತ ನೋಡುತ್ತ ಕುರ್ಚಿಯಿಂದ ಎದ್ದು ನಿಂತರಂತೆ. ತೆಲಸಂಗದ ರೈತರೆಲ್ಲರ ಎಡಗಡೆಯ ಎತ್ತಿಗೂ ಒಂದೇ ಕೋಡು! ಎಲ್ಲವೂ ಬೂದುಬಿಳಿ, ಎಲ್ಲಕ್ಕೂ ಮುಂಗಾಲಿನ ಮೇಲೆ ಕಪ್ಪು ಮಚ್ಚೆ. ಈವರೆಗೆ ಯಾರ ಕಣ್ಣಿಗೂ ಬೀಳದ ದೇಸಿ ತಳಿಯೊಂದು ಬೆಳಗಾವಿ ಜಿಲ್ಲೆಯ ಮೂಲೆಯಲ್ಲಿ ಬದುಕಿದೆ ಎಂದು ಅವರು ಬರೆದರು. ಅದಕ್ಕೆ 'ಏಕಶೃಂಗಿ' ಎಂದು ಹೆಸರಿಟ್ಟರು. 'ಈ ತಳಿಯು ಸದಾ ಎಡಗಡೆಯಲ್ಲಿಯೇ ನಿಲ್ಲುವ ಸ್ವಭಾವದ್ದು' ಎಂದು ಸೇರಿಸಿದರು. ವೀಡಿಯೋ ಕೇಳಿ 'ಮರಾಠಿ ಭಾಷೆಗೆ ಮಾತ್ರ ಸ್ಪಂದಿಸುತ್ತದೆ' ಎಂದೂ ಬರೆದಿದ್ದರು. ಗಡಿ ತಂಟೆ ಎದ್ದೀತೆಂದು ಮೇಲಿನವರು ಆ ಸಾಲು ಹೊಡೆದುಹಾಕಿದರು.

ಸನ್ಮತಿಗೆ ವಿಷಯ ಮುಟ್ಟಿತು. ಧೈರ್ಯ ಮಾಡಿ ಫೋನ್ ಮಾಡಿದ.

"ಸರ್, ಅವೆಲ್ಲ ಒಂದೇ ಎತ್ತು ಸರ್."

"ಹೌದಪ್ಪಾ, ಒಂದೇ ತಳಿ. ನಾನೂ ಅದನ್ನೇ ಬರೆದಿದ್ದೇನೆ" ಎಂದರು ತಜ್ಞರು. "ಚೆನ್ನಾಗಿ ಗುರುತಿಸಿದ್ದೀಯ."

ಸನ್ಮತಿ "ಹೂಂ ಸರ್" ಎಂದು ಫೋನ್ ಇಟ್ಟ.

ಮರುವರ್ಷ ಮಳೆಗಾಲ ಮುಗಿಯುವ ಮೊದಲು ತಜ್ಞರು ಸಮಿತಿಯನ್ನು ಕಟ್ಟಿಕೊಂಡು ಜೀಪಿನಲ್ಲಿ ಬಂದೇಬಿಟ್ಟರು. ಒಬ್ಬೊಬ್ಬ ರೈತನ ಹೊಲದಲ್ಲಿ ಅವನವನ ಏಕಶೃಂಗಿಯನ್ನು ನೋಡಬೇಕು ಎಂದರು. ಆ ದಿನ ಸೋನಾಬಾಯಿ ಮಂಗಸೂಳಿಗೆ ಮಲ್ಲಯ್ಯನ ದರ್ಶನಕ್ಕೆ ಹೋಗಿದ್ದಳು. ಎತ್ತು ಭೀಮಗೊಂಡನ ವಶದಲ್ಲಿತ್ತು.

"ಪಾಪ, ಅಷ್ಟ ದೂರದಿಂದ ಬಂದಾರ. ಇಲ್ಲ ಅಂದ್ರ ಚಲೋ ಕಾಣಂಗಿಲ್ಲ" ಎಂದ ಭೀಮಗೊಂಡ.

ಮೊದಲು ಅವನ ಹೊಲದಲ್ಲಿ ಸರ್ಜಾನನ್ನು ನೋಡಿ, ಮೈ ಅಳೆದು, ಸಮಿತಿ ಜೀಪು ಹತ್ತಿತು. ಜೀಪು ರಸ್ತೆ ಸುತ್ತಿ ಬರುವಷ್ಟರಲ್ಲಿ ಸರ್ಜಾ ಹಳ್ಳ ದಾಟಿ ಮಲಕಾರಿಯ ಹೊಲದಲ್ಲಿ ನಿಂತಿತ್ತು. ಅಲ್ಲಿಂದ ಬೇಲಿ ಸಂದಿಯಿಂದ ಅಣ್ಣಾಸಾಬನ ಹೊಲಕ್ಕೆ. ಪ್ರತಿ ಸಲ ಮೈ ಅಳೆದಾಗಲೂ ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

"ಎಂಥ ಶುದ್ಧ ತಳಿ!" ಎಂದರು ತಜ್ಞರು. "ಮಚ್ಚೆ ಕೂಡ ಬೇರೆಯಾಗಿಲ್ಲ. ಆದರೆ ಈ ಹೊಲದ್ದು ಸ್ವಲ್ಪ ಜಾಸ್ತಿ ತೇಕುತ್ತಿದೆ."

ಅಣ್ಣಾಸಾಬನ ಹೊಲದಿಂದ ಸರ್ಜಾ ಏಳಲಿಲ್ಲ. ನಡು ಸಾಲಿನಲ್ಲಿ ಕಾಲು ಮಡಚಿ ಮಲಗಿಬಿಟ್ಟಿತು. ಅಷ್ಟರಲ್ಲಿ ಮಂಗಸೂಳಿಯಿಂದ ಬಂದಿಳಿದ ಸೋನಾಬಾಯಿ, ಹಣೆಯ ಮೇಲಿನ ಭಂಡಾರ ಒರೆಸದೆ ಹೊಲಕ್ಕೆ ಓಡಿ ಬಂದಳು.

"ಯಾವನ್ಲೇ ಇದನ್ನ ಹಿಂಗ ಓಡಿಸಿದಾಂವ? ಬಾಯಾಗ ನೊರಿ ಬಂದೈತಿ!" ಎಂದು ಕೂಗಿದವಳು ತಜ್ಞರ ಕಡೆ ತಿರುಗಿದಳು. "ನೋಡ್ರಿ ಸಾಹೇಬ್ರ, ಬೆಳಗಿಂದ ನೀವು ನೋಡಾಕತ್ತಿದ್ದು ಇದ ಒಂದ ಎತ್ತ. ಬ್ಯಾರೆ ಇಲ್ಲ. ಇಡೀ ಊರಾಗ ಇಂಥಾದ್ದು ಇದೊಂದ."

ಸನ್ಮತಿ ಕಣ್ಣು ಮುಚ್ಚಿದ. ತಜ್ಞರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇದೊಂದೇ ಉಳಿದಿದೆಯೇ? ಹೋದ ವರ್ಷ ಅಷ್ಟಿದ್ದವು!"

ಸರ್ಜಾ ಅಳಿವಿನ ಅಂಚಿನ ಪ್ರಾಣಿಯಾದದ್ದು ಹೀಗೆ. ಸೋನಾಬಾಯಿಯ ಅಂಗಳದಲ್ಲಿ ಹಸಿರು ಬೋರ್ಡು ಬಂತು, ಸರ್ಜಾನ ಮೇವಿನ ಗ್ವಾದಲಿಯ ಮೇಲೆ ಫ್ಯಾನು ಬಂತು. ಜೊತೆಗೆ ಆದೇಶವೂ ಬಂತು. ಸಂರಕ್ಷಿತ ತಳಿಯ ಹೆಗಲಿಗೆ ನೊಗ ಹೂಡುವಂತಿಲ್ಲ. ಅಂದರೆ ಎತ್ತಿನ ಬೇಸಾಯ ಬೆಳೆಯಲಿ ಎಂದು ಬಂದ ನೀತಿ, ಊರಿನ ಕೊನೆಯ ಎತ್ತಿನ ಬೇಸಾಯವನ್ನೂ ನಿಲ್ಲಿಸಿತು. ಆದೇಶದ ಮುಂದಿನ ಸಾಲಿನಲ್ಲಿ ಸಂತಾನಾಭಿವೃದ್ಧಿಯ ಯೋಜನೆಯಿತ್ತು. ಅದಕ್ಕೆ ಪಶುವೈದ್ಯೆ ಮಯೂರಿಯನ್ನು ಅಥಣಿಯಿಂದ ಕಳಿಸಿದರು. ನಿಪ್ಪಾಣಿ ಕಡೆಯ ಹೆಣ್ಣುಮಗಳು, ದನದ ನಡುವೆಯೇ ಬೆಳೆದವಳು. ಸರ್ಜಾನ ಹಿಂದೆ ಹೋಗಿ ಒಮ್ಮೆ ಬಗ್ಗಿ ನೋಡಿ ಅಲ್ಲಿಂದಲೇ ತಜ್ಞರಿಗೆ ಫೋನ್ ಹಚ್ಚಿದಳು.

"ಸರ್, ಇದು ಹೋರಿಯಲ್ಲ, ಎತ್ತು. ಬೀಜ ಒಡೆಸಿ ಹತ್ತು ವರ್ಷದ ಮೇಲಾಗಿದೆ. ಇದಕ್ಕೆ ಸಂತಾನ ಆಗೋದಿಲ್ಲ."

"ಸಮಸ್ಯೆಗಳು ಇದ್ದೇ ಇರುತ್ತವೆ ಡಾಕ್ಟರೇ. ಪ್ರಯತ್ನ ಬಿಡಬಾರದು" ಎಂದರು ಅವರು.

ಬಿತ್ತುವ ಹದ ಬಂತು. ರಾಜಾ ಒಬ್ಬನೇ ಕೂರಿಗಿ ಎಳೆಯಲಾರ. ಸರ್ಜಾ ಫ್ಯಾನಿನ ಕೆಳಗೆ ನಿಂತು ಹೊಲದ ದಿಕ್ಕಿಗೆ ಮುಖ ಮಾಡಿ ಒದರುತ್ತಿತ್ತು. ಮೇವು ಮುಟ್ಟುತ್ತಿರಲಿಲ್ಲ. ಸೋನಾಬಾಯಿಯೂ ರೊಟ್ಟಿ ಮುಟ್ಟುವುದನ್ನು ಕಡಿಮೆ ಮಾಡಿದಳು. ಆಚೆಯ ಹೊಲ ಬಿತ್ತಿ ಮುಗಿಸಿದ ವಿರುಪಾಕ್ಷಪ್ಪ, "ಈಚೀಕಡಿದೂ ಟ್ರ್ಯಾಕ್ಟರಿಲೆ ಬಿತ್ತಿ ಕೊಡ್ಲೇನು?" ಎಂದು ಮೆಲ್ಲಗೆ ಕೇಳಿದ. ಅವಳು ಜಗಳಕ್ಕೂ ಏಳಲಿಲ್ಲ. "ನಿಮ್ಮ ಮನಸಿಗೆ ಬಂದಂಗ ಮಾಡ್ರಿ" ಎಂದು ಗೋಡೆಯ ಕಡೆ ತಿರುಗಿ ಕೂತಳು.

ಆ ಮಾತು ಕೇಳಿ ವಿರುಪಾಕ್ಷಪ್ಪನಿಗೆ ನಿಜವಾಗಿಯೂ ಭಯವಾಯಿತು. ಸಂಸಾರ ಮಾಡಿದ ಇಷ್ಟು ವರ್ಷದಲ್ಲಿ ಅವಳು ಅವನ ಮನಸ್ಸಿಗೆ ಯಾವುದನ್ನೂ ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಅಥಣಿಗೆ ಹೋಗಿ ಮಯೂರಿಯ ಮುಂದೆ ಕೂತ.

"ಡಾಕ್ಟರ್ ಬಾಯಾರ, ಎತ್ತು ಸೊರಗಾಕತ್ತೈತಿ. ಅದಕ್ಕೂ ನನಗೂ ಹಳೇ ವೈರತ್ವ, ಅದು ಬ್ಯಾರೆ ಮಾತು. ಆದ್ರ ಅದರ ಕೂಡ ನಮ್ಮ ಮನಿಯಾಕಿನೂ ಸೊರಗಾಕತ್ತಾಳ. ಬೈಯೂದ ಬಿಟ್ಟಾಳ್ರಿ!"

ಮಯೂರಿ ನಗಲಿಲ್ಲ. ಆದೇಶವನ್ನು ತರಿಸಿಕೊಂಡು ಎರಡು ಸಲ ಓದಿದಳು. ನೊಗ ಹೂಡಬಾರದು ಎಂದಿತ್ತು. ಆದರೆ ಕೊನೆಯಲ್ಲಿ, ಪ್ರಾಣಿಯ ಆರೋಗ್ಯಕ್ಕೆ ವೈದ್ಯರು ಸೂಚಿಸುವ ಚಿಕಿತ್ಸೆ ಕಡ್ಡಾಯ ಎಂದೂ ಇತ್ತು. ಅವಳು ಚೀಟಿ ತೆಗೆದು ದುಂಡನೆಯ ಅಕ್ಷರದಲ್ಲಿ ಬರೆದುಕೊಟ್ಟಳು: 'ಏಕಶೃಂಗಿಗೆ ಪ್ರತಿದಿನ ವ್ಯಾಯಾಮ. ಜೊತೆಗಾರ ಎತ್ತಿನೊಂದಿಗೆ, ಹೆಗಲ ಮೇಲೆ ಕಟ್ಟಿಗೆಯ ಆಧಾರವಿಟ್ಟು, ಹಿಂದೆ ಭಾರ ಕಟ್ಟಿ, ಎರಿಭೂಮಿಯಲ್ಲಿ ಸಾಲಾಗಿ ನಡೆಸತಕ್ಕದ್ದು. ಭಾರವು ಕೂರಿಗಿಯ ಆಕಾರದಲ್ಲಿದ್ದರೆ ಉತ್ತಮ.'

ಚೀಟಿ ಬೆಂಗಳೂರಿಗೆ ಹೋಗಿ ಮಂಜೂರಾಗಿ ಬಂತು. ತಜ್ಞರು ಅದರ ಮೇಲೆ 'ಬೀಜದ ಸಮಸ್ಯೆಗೂ ವ್ಯಾಯಾಮದಿಂದ ಗುಣವಾಗಬಹುದು' ಎಂದು ತಾವೇ ಬರೆದಿದ್ದರು.

ಈ ನಡುವೆ ಭೀಮಗೊಂಡನಿಗೆ ಎತ್ತಿನ ರುಚಿ ಹತ್ತಿತ್ತು. ಜತ್ತದ ಸಂತೆಗೆ ಹೋಗಿ ತನ್ನದೇ ಒಂದು ಜೋಡಿ ಹೊಡೆದುಕೊಂಡು ಬಂದ. ಒಳ್ಳೆಯ ಎತ್ತುಗಳು, ಉದ್ದುದ್ದ ಕೋಡು. ಫೋಟೋ ಏರಿಸಿದರೆ ಆ್ಯಪು ಒಪ್ಪಲಿಲ್ಲ. ತೆಲಸಂಗದ ಎಡಗಡೆಯ ಎತ್ತಿಗೆ ಒಂದೇ ಕೋಡು ಇರತಕ್ಕದ್ದು ಎಂದು ಅದಕ್ಕೆ ಕಲಿಸಿಬಿಟ್ಟಿದ್ದರು. ಭೀಮಗೊಂಡ ಗರಗಸ ಹಿಡಿದುಕೊಂಡು ಸೋನಾಬಾಯಿಯ ಅಂಗಳಕ್ಕೆ ಬಂದ.

"ವೈನಿ, ಯಾವ ಕೋಡು ಕೊಯ್ಲಿ? ಬಲದ್ದೋ, ಎಡದ್ದೋ?"

ಸೋನಾಬಾಯಿ ಬಾರಕೋಲು ತೆಗೆದುಕೊಂಡು ಅವನನ್ನು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋದಳು. ಬೈದದ್ದು ಕನ್ನಡದಲ್ಲೂ ಮರಾಠಿಯಲ್ಲೂ ಇತ್ತು. ಟ್ರ್ಯಾಕ್ಟರಿನ ಪಕ್ಕ ನಿಂತು ಕೇಳುತ್ತಿದ್ದ ವಿರುಪಾಕ್ಷಪ್ಪನಿಗೆ ಮೈಯಲ್ಲಿ ಜೀವ ಬಂದಂತಾಯಿತು. ಭೀಮಗೊಂಡ ಗರಗಸವನ್ನು ಬೇವಿನ ಕೊಂಬೆಗೆ ಉಪಯೋಗಿಸಿದ, ಪ್ರೋತ್ಸಾಹಧನದ ಆಸೆ ಬಿಟ್ಟ, ಎತ್ತು ಮಾತ್ರ ಬಿಡಲಿಲ್ಲ. ಮಲಕಾರಿಯೂ ಅಣ್ಣಾಸಾಬನೂ ಕೂಡಿ ಇನ್ನೊಂದು ಜೋಡಿ ತಂದರು. ಯಾವ ನೀತಿಯೂ ಅವುಗಳನ್ನು ಎತ್ತು ಎಂದು ಒಪ್ಪಲಿಲ್ಲ. ಹೊಲ ಒಪ್ಪಿತು.

ಚಿಕಿತ್ಸೆ ಶುರುವಾದ ದಿನ ಸನ್ಮತಿ ಮೇಲ್ವಿಚಾರಣೆಗೆಂದು ಬದುವಿನ ಮೇಲೆ ಬಂದು ನಿಂತ. ಸೋನಾಬಾಯಿ ಸೆರಗು ಸಿಗಿಸಿ, ಕೂರಿಗಿಯ ಬಟ್ಟಲಿಗೆ ಜೋಳ ಬಿಡುತ್ತ, "ಚಲ್ ರೇ ಸರ್ಜಾ" ಎಂದಳು. ಸರ್ಜಾ ಮೂಗು ಅರಳಿಸಿ ಮೊದಲ ಸಾಲು ಹಿಡಿಯಿತು. ಹಿಂದೆ ಹಸಿಮಣ್ಣಿನ ವಾಸನೆ ಎದ್ದಿತು, ಬೆಳ್ಳಕ್ಕಿಗಳು ಇಳಿದವು.

"ಕಾಕು, ಚೀಟಿ ಪ್ರಕಾರ ಇವತ್ತಿಗೆ ಇಷ್ಟು ವ್ಯಾಯಾಮ ಸಾಕಾಗತೈತಿ" ಎಂದು ಸನ್ಮತಿ ಮಧ್ಯಾಹ್ನದ ಹೊತ್ತಿಗೆ ಸಣ್ಣ ದನಿಯಲ್ಲಿ ಹೇಳಿದ.

"ರೋಗ ಭಾಳ ಹಳೇದೈತಿ ತಮ್ಮಾ" ಎಂದಳು ಸೋನಾಬಾಯಿ, ಸಾಲಿನಿಂದ ಕಣ್ಣು ತೆಗೆಯದೆ. "ಆ ಬೇವಿನ ಗಿಡದ ತನಕ ಚಿಕಿತ್ಸಾ ಆಗಲಿ. ನೀ ಹೋಗಿ ನಮ್ಮವರಿಗೆ ರೊಟ್ಟಿ ತಗೊಂಡ ಬರ್ರಿ ಅಂತ ಹೇಳು."